ಹನ್ನೆರಡು ಎಣಿಸುವಷ್ಟು ಹೊತ್ತು

"ಎತ್ತಬ್ಯಾಡ! ಇನ್ನೂ ಎತ್ತಬ್ಯಾಡ ಅಂದ್ನಲ್ಲ!"

ಮರಿತಾಯಮ್ಮ ಓಡುತ್ತ ಓಡುತ್ತಲೇ ಕೂಗಿದಳು. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿದ್ದಳು. ಸೆರಗನ್ನು ಬಲಗೈಗೆ ಬಿಗಿಯಾಗಿ ಸುತ್ತಿಕೊಂಡು, ಆ ಕೈಯನ್ನು ಪಕ್ಕಕ್ಕೆ ಚಾಚಿ, ಬೇವಿನ ಮರದ ಬುಡದಿಂದ ನಾಲೆಯ ಏರಿಯ ಮೇಲೆ ನುಗ್ಗಿ ಬರುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಮರಿತಾಯಮ್ಮನಲ್ಲ, ಮೈಸೂರಿಗೆ ಹೋಗುವ ಮೇಲ್ ಗಾಡಿ. ಏರಿಯ ಕೆಳಗೆ ನಿಂತಿದ್ದ ಅವಳ ಗಂಡ, ಯಲಿಯೂರು ಸ್ಟೇಷನ್ನಿನ ಕೆಲಸದಾಳು ಕೆಂಪಸಿದ್ದಯ್ಯ, ಬಿದಿರು ಬಗ್ಗಿಸಿ ಕಟ್ಟಿದ ದೊಡ್ಡ ಬಳೆಯೊಂದನ್ನು ಆಗಲೇ ತಲೆಯ ಮೇಲಕ್ಕೆ ಎತ್ತಿಬಿಟ್ಟಿದ್ದ. ಗಾಡಿ ಹತ್ತಿರ ಬರುವಷ್ಟರಲ್ಲಿ ಅವನ ತೋಳು ನಡುಗಿತು, ಬಳೆ ಒಂದು ಗೇಣು ಕೆಳಗಿಳಿಯಿತು. ಮರಿತಾಯಮ್ಮನ ಕೈ ಗಾಳಿಯನ್ನು ಬಾಚಿಕೊಂಡು ಮುಂದೆ ಹೋಯಿತು.

"ನೋಡ್ದಾ? ಮೇಲ್ ಗಾಡಿ ನಿಂತೋಯ್ತು," ಎಂದು ಅವಳು ಏದುಸಿರು ಬಿಡುತ್ತ ನಿಂತಳು.

ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಚಿಕ್ಕಮಾದಮ್ಮ ಸೊಂಟಕ್ಕೆ ಕೈಕೊಟ್ಟು ನಕ್ಕಳು. ಅವಳು ರೈಲ್ವೆ ಗೇಟಿನವನ ತಾಯಿ. ಊರಿನ ಎಲ್ಲರ ಕಾಯಿಲೆಗೂ ಅವಳ ಹತ್ತಿರ ಒಂದು ಕಾರಣ ಇರುತ್ತಿತ್ತು. "ನಿನ್ನ ಮೂಳೆನ ಮೈಸೂರಲ್ಲೇ ಬುಟ್ಟು ಬಂದಿದ್ದೀಯ ಕಣ್ಲಾ. ಅದು ಅಲ್ಲಿಂದ ನಿನ್ನ ಕರೀತಾ ಅದೆ. ಅದ್ಕೇ ನೋವು. ಓಗಿ ಈಸ್ಕೊಂಡ್ ಬಂದು ಒಳೆಗೆ ಬುಡು."

"ಕರೀಲಿ ಬುಡಜ್ಜಿ. ರಜ ಸಿಕ್ಕಬೇಕಲ್ಲ," ಎಂದ ಕೆಂಪಸಿದ್ದಯ್ಯ. ಆ ಮಾತು ಹೇಳಲು ಅವನು ತಲೆ ತಿರುಗಿಸಲಿಲ್ಲ. ಪಾದ ಸರಿಸಿ, ಇಡೀ ಮೈಯನ್ನೇ ಅವಳ ಕಡೆಗೆ ತಿರುಗಿಸಿದ.

ಮೂಳೆಯ ಮಾತು ಸುಳ್ಳಲ್ಲ. ಎರಡು ವರ್ಷದಿಂದ ಅವನ ಬಲಗೈ ಜೋಮು ಹಿಡಿದು, ಕಿರುಬೆರಳು ಸತ್ತಂತಾಗಿ, ಹಿಡಿದ ಲಾಟೀನು ಜಾರಿಬೀಳುತ್ತಿತ್ತು. ಮೈಸೂರಿನ ಆಸ್ಪತ್ರೆಯ ಡಾಕ್ಟರು ಪಟ ತೆಗೆಸಿ ನೋಡಿ, ಯಾರಿಗೂ ಇಲ್ಲದ ಒಂದು ಪಕ್ಕೆಲುಬು ಅವನ ಕುತ್ತಿಗೆಯ ಬುಡದಲ್ಲಿ ಬೆಳೆದು ಕೈಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ಕಂಡುಹಿಡಿದರು. ಕೊಯ್ದು ತೆಗೆದರು. ಬೆರಳಿಗೆ ಜೀವ ಬಂತು, ಜೋಮು ಹೋಯಿತು. ಕುತ್ತಿಗೆ ಮಾತ್ರ ಕಿವಿಯ ಹಿಂದಿನಿಂದ ಭುಜದವರೆಗೆ ನೋಯುತ್ತಲೇ ಉಳಿಯಿತು. "ಇದು ಎಷ್ಟು ದಿನ ಇರುತ್ತೆ ಅಂತ ನಾನು ಹೇಳಲಾರೆ. ನೀನೇ ಅದರ ಜೊತೆ ಹೊಂದಿಕೊಂಡು ಹೋಗಬೇಕು," ಎಂದಿದ್ದರು ಡಾಕ್ಟರು. ಮುಚ್ಚುಮರೆಯಿಲ್ಲದೆ ಹೇಳಿದರಲ್ಲ ಎಂದು ಕೆಂಪಸಿದ್ದಯ್ಯನಿಗೆ ಅವರ ಮೇಲೆ ಗೌರವವೇ ಹೆಚ್ಚಾಯಿತು.

ಹೊಂದಿಕೊಳ್ಳುವುದರಲ್ಲಿ ಅವನು ಹಿಂದೆ ಬೀಳಲಿಲ್ಲ. ದಿಂಬು ಬಿಟ್ಟು ಪಂಚೆಯ ಸುರುಳಿ ಇಟ್ಟು ಮಲಗಿದ. ತಟ್ಟೆಯ ಕಡೆ ಬಗ್ಗಲಾಗದ್ದಕ್ಕೆ ಡಬ್ಬಿಯೊಂದರ ಮೇಲೆ ತಟ್ಟೆ ಇಡಿಸಿ, ಎದುರಿನ ಗೋಡೆ ನೋಡುತ್ತ ಮುದ್ದೆ ನುಂಗಿದ. ಬಡಿಸುವ ಹೆಂಡತಿಯ ಮುಖ ಕಾಣಬೇಕಾದರೆ ಅವಳೇ ಎದುರಿಗೆ ಬಂದು ಕೂರಬೇಕಿತ್ತು. ಸಂಜೆಗೊಮ್ಮೆ ಅವಳು ತೌಡನ್ನು ಹುರಿದು ಗಂಟು ಕಟ್ಟಿ ಕುತ್ತಿಗೆಗೆ ಶಾಖ ಕೊಡುತ್ತಿದ್ದಳು. ನೋವು ಹೋಗುತ್ತಿರಲಿಲ್ಲ, ಒಂದಿಷ್ಟು ದೂರ ಸರಿದು ಕೂರುತ್ತಿತ್ತು.

ಆದರೆ ಮೇಲ್ ಗಾಡಿಗೆ ಹೊಂದಿಕೊಳ್ಳುವ ಅಭ್ಯಾಸವಿಲ್ಲ. ಅದು ಯಲಿಯೂರಿನಲ್ಲಿ ನಿಲ್ಲುವ ಗಾಡಿಯೂ ಅಲ್ಲ. ಓಟ ತಗ್ಗಿಸಿ ಸ್ಟೇಷನ್ನು ದಾಟುವಾಗ, ಕೆಳಗೆ ನಿಂತವನು ಬೆತ್ತದ ಬಳೆಯನ್ನು ಎತ್ತಿ ಹಿಡಿಯಬೇಕು. ಡ್ರೈವರು ಕೈ ಚಾಚಿ ತೋಳಿಗೆ ಸಿಕ್ಕಿಸಿಕೊಳ್ಳಬೇಕು. ಬಳೆಯ ಚರ್ಮದ ಚೀಲದಲ್ಲಿರುವ ಉಕ್ಕಿನ ಗುಂಡೇ ಆ ಒಂಟಿ ಹಳಿಯ ಅಪ್ಪಣೆ. ಅದು ಸಿಕ್ಕಿದರೇ ಮುಂದಿನ ದಾರಿ ಅವನದು, ಇಲ್ಲವಾದರೆ ಗಾಡಿ ನಿಲ್ಲಿಸಬೇಕು. ಕೆಂಪಸಿದ್ದಯ್ಯ ಹನ್ನೆರಡು ವರ್ಷ ಒಂದು ದಿನವೂ ಗಾಡಿ ನಿಲ್ಲಿಸಿದವನಲ್ಲ. ದೂರದಲ್ಲಿ ಹೊಗೆ ಕಂಡ ಕೂಡಲೇ ಬಳೆ ಎತ್ತಿ ಕಲ್ಲಿನ ಹಾಗೆ ನಿಲ್ಲುವುದು ಅವನ ಠೀವಿ. ಹಾಗೆ ನಿಲ್ಲಬೇಕೆಂದು ಯಾವ ಕಾನೂನಿನಲ್ಲೂ ಇರಲಿಲ್ಲ.

ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಕೆಲಸಕ್ಕೆ ಬಂದ ಮೊದಲ ದಿನವೂ ಅವನು ಹೊಗೆ ಕಂಡ ಕೂಡಲೇ ಎತ್ತಿದ. ಕುತ್ತಿಗೆ ಹಿಡಿದುಕೊಂಡಿತು, ತೋಳು ಇಳಿಯಿತು, ಬಳೆ ಡ್ರೈವರನ ಕೈಯ ಕೆಳಗೆ ಹಾದುಹೋಯಿತು. ಎಡಗೈಯಲ್ಲಿ ಕೊಡೋಣವೆಂದರೆ ಗಾಡಿ ಹಾಯುವುದು ಬಲಗಡೆಯಲ್ಲಿ. ಮೇಲ್ ಹನ್ನೊಂದು ನಿಮಿಷ ತಡವಾಯಿತು, ಬೆಂಗಳೂರಿಗೆ ರಿಪೋರ್ಟು ಹೋಯಿತು. ಇನ್ಸ್‌ಪೆಕ್ಟರು ಬಂದು ಕಣ್ಣಾರೆ ನೋಡುತ್ತಾರೆ, ಆಗಲೂ ತಪ್ಪಿದರೆ ಕೆಲಸವೂ ಇಲ್ಲ, ಕ್ವಾರ್ಟರ್ಸೂ ಇಲ್ಲ ಎಂದು ಉತ್ತರ ಬಂತು. ನಡುವೆ ಉಳಿದದ್ದು ಹದಿನೈದು ದಿನ.

ಮರಿತಾಯಮ್ಮ ಅಳುತ್ತ ಕೂರಲಿಲ್ಲ. ಮೂರು ದಿನ ಸ್ಟೇಷನ್ನಿನ ಬೇಲಿಯ ಹತ್ತಿರ ನಿಂತು ಮೇಲ್ ಗಾಡಿಯನ್ನು ನೋಡಿ ಬಂದಳು. "ದಾರಿ ಪಕ್ಕದ ಉಣಸೇಮರದಿಂದ ನೀನ್ ನಿಲ್ಲೋ ಜಾಗಕ್ಕೆ ಅದು ಬರೋದು ಅನ್ನೆರಡು ಎಣಿಸೋಗಂಟ. ನಾನು ಬೇವಿನ್ಮರದಿಂದ ಓಡಿದ್ರೂ ಅನ್ನೆರಡೇ ಆಯ್ತದೆ. ಮರ ದಾಟೋಗಂಟ ಕೈ ಕೆಳೀಕ್ಕೇ ಇರ್ಲಿ," ಎಂದಳು.

"ಅಲ್ಲಿಗಂಟ ಕೈ ಇಳೇಬುಟ್ಕೊಂಡು ನಿಂತ್ರೆ ಡ್ರೈವರು ಏನಂದ್ಕತಾನಮ್ಮಿ?"

"ಅವ್ನಿಗೆ ಬೇಕಾಗಿರೋದು ಬಳೆ. ನಿನ್ನ ಠೀವಿ ತಕ್ಕೊಂಡು ಮೈಸೂರ್‌ಗೆ ಓಯ್ತಾನಾ?"

ಕೆಂಪಸಿದ್ದಯ್ಯ ಬಿದಿರು ಬಗ್ಗಿಸಿ ಬಳೆ ಕಟ್ಟಿದ. ಆದರೂ ಅಭ್ಯಾಸ ಬಿಡಬೇಕಲ್ಲ. ದಿನಕ್ಕೆ ಇಪ್ಪತ್ತು ಸಲ ಅವಳು ಓಡಿದಳು. ಒಂದು ಸಲ ಅವನು ಬೇಗ ಎತ್ತಿದ, ಒಂದು ಸಲ ತಡವಾಗಿ ಎತ್ತಿದ. ಬಳೆ ಒಮ್ಮೆ ಅವಳ ತೋಳಿಗೆ ಸಿಕ್ಕಿತು, ಒಮ್ಮೆ ಬಡಿದು ನಾಲೆಗೆ ಹಾರಿತು. ಏರಿಯ ಮೇಲೆ ಹೋಗುವವರೆಲ್ಲ "ಏನಮ್ಮ, ಮೇಲ್ ಗಾಡಿ ಇವತ್ತು ಲೇಟಾ?" ಎಂದು ಕೇಳುತ್ತಿದ್ದರು. "ನಾನ್ಯಾಕ್ ಲೇಟಾಯ್ತೀನಿ? ಸಿಗ್ನಲ್ಲೇ ಸರಿಯಿಲ್ಲ," ಎನ್ನುತ್ತಿದ್ದಳು. ಹನ್ನೊಂದನೆಯ ದಿನದಿಂದ ಬಳೆ ತಪ್ಪಲಿಲ್ಲ.

ಇನ್ಸ್‌ಪೆಕ್ಟರ್ ಪಾರ್ಥಸಾರಥಿ ಬಂದದ್ದು ಬೆಳಗಿನ ಪ್ಯಾಸೆಂಜರಿನಲ್ಲಿ. ಅವರು ಇಳಿಯುವ ಮೊದಲೇ ಸ್ಟೇಷನ್ ಮಾಸ್ಟರ್ ಕಸ್ತೂರಿರಂಗ ಕೆಂಪಸಿದ್ದಯ್ಯನನ್ನು ಪಕ್ಕಕ್ಕೆ ಕರೆದರು. ಬಲು ಮೆತ್ತಗಿನ ಮನುಷ್ಯ. ಕೆಂಪಸಿದ್ದಯ್ಯನಿಗಿಂತ ಅವರೇ ಹೆಚ್ಚು ಬೆವತಿದ್ದರು. "ನೋಡಪ್ಪ, ನೋವಿದೆಯಾ ಅಂತ ಕೇಳ್ತಾರೆ. ಇಲ್ಲ ಅಂದ್ಬಿಡು. ಒಂದು ಮಾತು, ಮುಗಿದುಹೋಯ್ತು."

"ಆಗ್ಲಿ ಬುದ್ಧಿ," ಎಂದ ಅವನು. ಹಾಗೆಯೇ ಹೇಳಬೇಕೆಂದೂ ಇದ್ದ.

ಇನ್ಸ್‌ಪೆಕ್ಟರು ಎದುರಿಗೆ ಬಂದಾಗ ಕೆಂಪಸಿದ್ದಯ್ಯ ಕೈ ಮುಗಿದ. ತಲೆ ಮಾತ್ರ ನೆಟ್ಟಗೇ ಇತ್ತು. ಇನ್ಸ್‌ಪೆಕ್ಟರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಏನಯ್ಯಾ, ತಲೆ ಬಗ್ಗೋದಿಲ್ಲವೋ?"

ಕಸ್ತೂರಿರಂಗರು ಅವರ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ಕಣ್ಣು ಮಿಟುಕಿಸಿದರು. ಆದರೆ ಸೊಕ್ಕಿನವನು ಎನ್ನಿಸಿಕೊಳ್ಳುವುದು ಕೆಂಪಸಿದ್ದಯ್ಯನಿಗೆ ಆಗದ ಮಾತು.

"ಬಗ್ಗಲ್ಲ ಬುದ್ಧಿ. ಬಗ್ಗುಸಿದ್ರೆ ನೋಯ್ತದೆ."

"ಅಂದರೆ ಇನ್ನೂ ನೋವಿದೆ."

"ಅದೆ. ದಿನಾ ಅದೆ. ನಾಳೇನೂ ಇರ್ತದೆ."

"ಮತ್ತೆ ಬಳೆ ಕೊಡೋದು ಹೇಗೆ?"

"ನೋವಿರೋದು ಕತ್ತಲ್ಲಿ ಬುದ್ಧಿ. ಬಳೆ ಕೊಡೋದು ಕೈಯಿ. ಅವೆರಡಕ್ಕೂ ಒಂದು ಒಪ್ಪಂದ ಮಾಡ್ಸಿದೀನಿ. ಒಸಿ ನಿಂತ್ಕೊಂಡು ನೋಡಿ."

ಇನ್ಸ್‌ಪೆಕ್ಟರು ನಗಲಿಲ್ಲ. ಕೈಗಡಿಯಾರ ನೋಡಿಕೊಂಡು ಪ್ಲಾಟ್‌ಫಾರಂ ಮೇಲೆ ಒಂದು ಕಡೆ ನಿಂತರು. ಬೇಲಿಯ ಆಚೆ ಮರಿತಾಯಮ್ಮ ಸೆರಗು ಹೊದ್ದು ನಿಂತಿದ್ದಳು.

ಮಂಡ್ಯದ ಕಡೆಯಿಂದ ಹೊಗೆ ಕಾಣಿಸಿತು. ಕೆಂಪಸಿದ್ದಯ್ಯ ಕತ್ತನ್ನು ಅಲ್ಲಾಡಿಸದೆ ಎರಡು ಪಾದಗಳನ್ನೂ ಸರಿಸಿ ಗಾಡಿಯ ಕಡೆಗೆ ಮುಖ ಮಾಡಿ ನಿಂತ. ಬಳೆ ಹಿಡಿದ ಕೈ ಕೆಳಗೇ ಇತ್ತು. ಗಾಡಿ ಸಿಗ್ನಲ್ ದಾಟಿ ಕೂಗಿತು.

"ಎತ್ತಯ್ಯಾ!" ಎಂದರು ಇನ್ಸ್‌ಪೆಕ್ಟರು.

"ಇನ್ನೂ ಇಲ್ಲ ಬುದ್ಧಿ."

"ಗಾಡಿ ಬಂತು, ಎತ್ತು!"

"ಮರ ದಾಟ್ಲಿ."

ಕಸ್ತೂರಿರಂಗರು ಕಣ್ಣು ಮುಚ್ಚಿಕೊಂಡರು. ಡ್ರೈವರು ಆಗಲೇ ಮೆಟ್ಟಿಲಿಗೆ ಬಂದು ಕೈ ಚಾಚಿದ್ದ. ಕೆಳಗಿನವನ ಕೈ ಖಾಲಿಯೆಂದುಕೊಂಡನೋ ಏನೋ, ಇನ್ನೊಂದು ಸಲ ಕೂಗು ಹಾಕಿಸಿದ. ಎಂಜಿನ್ನು ಹುಣಸೆ ಮರವನ್ನು ದಾಟಿತು. ಕೆಂಪಸಿದ್ದಯ್ಯ ಒಂದು ಎಂದು ಮನಸ್ಸಿನಲ್ಲೇ ಹೇಳಿ ಕೈ ಎತ್ತಿದ. ನಾಲ್ಕಕ್ಕೆ ನೋವು ಕಿವಿಯ ಹಿಂದೆ ಎದ್ದಿತು. ಬಾ, ಬಂದು ನಿಂತುಕೋ, ಎಂದುಕೊಂಡ. ಎಂಟಕ್ಕೆ ಭುಜ ಉರಿಯಿತು. ಹತ್ತು, ಹನ್ನೊಂದು. ಎಂಜಿನ್ನಿನ ಬಿಸಿಗಾಳಿ ಮುಖಕ್ಕೆ ಬಡಿಯಿತು, ಬೆರಳಿನಿಂದ ಬಳೆ ಹಗುರವಾಗಿ ಹೊರಟುಹೋಯಿತು. ಹಿಂದಿನ ಸ್ಟೇಷನ್ನಿನಲ್ಲಿ ಪಡೆದು ಡ್ರೈವರು ಈಗ ಎಸೆದ ಬಳೆ ಉರುಳಿ ಉರುಳಿ ಇನ್ಸ್‌ಪೆಕ್ಟರ ಬೂಟಿಗೆ ತಾಗಿ ಮಲಗಿತು.

ಅವರು ಬಗ್ಗಿ ಅದನ್ನು ತಾವೇ ಎತ್ತಿಕೊಂಡರು. "ಮಧ್ಯಾಹ್ನದ ಗೂಡ್ಸಿಗೂ ಕೊಡು, ನೋಡೋಣ," ಎಂದರು.

ಗೂಡ್ಸಿಗೂ ಕೊಟ್ಟ. ಹೊರಡುವ ಮುಂಚೆ ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಒಂದು ಸಾಲು ಬರೆದರು. ಕಸ್ತೂರಿರಂಗರು ಅದನ್ನು ಮೂರು ಸಲ ಓದಿ ಹೇಳಿದರು: ಕೆಲಸಕ್ಕೆ ಯೋಗ್ಯ, ಇದೇ ಸ್ಟೇಷನ್ನಿನಲ್ಲೇ ಮುಂದುವರಿಯಲಿ.

ಸಂಜೆ ಕೆಂಪಸಿದ್ದಯ್ಯ ಪಂಚೆಯ ಸುರುಳಿಗೆ ಕತ್ತು ಕೊಟ್ಟು ಅಂಗಾತ ಮಲಗಿದ. ಅವತ್ತು ನೋವು ಎಂದಿಗಿಂತ ಜೋರಾಗಿಯೇ ಇತ್ತು, ಆದರೂ ಅವನಿಗೆ ಖುಷಿಯಾಗಿತ್ತು. ಸಾರಿನಲ್ಲಿ ಉಪ್ಪು ಹೆಚ್ಚಾದದ್ದನ್ನೂ ಹೊಗಳಿದ್ದ. ಮರಿತಾಯಮ್ಮ ಬಿಸಿ ತೌಡಿನ ಗಂಟನ್ನು ತಂದು ಅವನ ಮೇಲೆ ಬಾಗಿ ಕುತ್ತಿಗೆಗೆ ಒತ್ತಿದಳು. ಬಾಗಿದಾಗ ಹೊದ್ದ ಸೆರಗು ಜಾರಿತು.

ಅವಳ ಬಲಗೈ ಅವನ ಕಣ್ಣೆದುರಿಗೇ ಇತ್ತು. ಮಣಿಕಟ್ಟಿನ ಬಳೆಗಳಿಂದ ಮೊಣಕೈವರೆಗೆ ಒಂದರ ಪಕ್ಕ ಒಂದು ಕಪ್ಪಿಟ್ಟ ಬಾಸುಂಡೆ. ಕೆಲವು ಹಳತಾಗಿ ಹಳದಿಗೆ ತಿರುಗಿದ್ದವು, ಕೆಲವು ನಿನ್ನೆಯವು. ಬಿದಿರಿನ ಅಗಲವೇ ಅವುಗಳ ಅಗಲ.

"ಇದೇನಮ್ಮಿ ಇದು?"

"ಮೇಲ್ ಗಾಡಿಗೆ ಒಸಿ ಬಣ್ಣ ಓಗ್ಯದೆ, ಅಷ್ಟೇಯ," ಎಂದು ಅವಳು ಸೆರಗು ಎಳೆದುಕೊಳ್ಳಹೋದಳು.

ಅವನು ಎಡಗೈಯಿಂದ ಆ ಸೆರಗನ್ನು ತಡೆದ. ಹದಿನೈದು ದಿನ ಗೋಡೆ ನೋಡಿಕೊಂಡು ಉಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಕುತ್ತಿಗೆಯ ಕೆಳಗಿಂದ ತೌಡಿನ ಗಂಟನ್ನು ತೆಗೆದು ಅವಳ ಮೊಣಕೈಯ ಹತ್ತಿರ ಇಟ್ಟು ಮೆಲ್ಲಗೆ ಒತ್ತಿದ.

"ನಿಂಗೆ ಆರೋಯ್ತದೆ ಕಣಾ," ಎಂದಳು ಅವಳು.

"ಅಲ್ಲಾಡಬ್ಯಾಡ. ಅನ್ನೆರಡು ಎಣಿಸ್ತೀನಿ."

ಅವನು ಗಟ್ಟಿಯಾಗಿ, ನಿಧಾನವಾಗಿ ಎಣಿಸಿದ. ಹನ್ನೆರಡಾದ ಮೇಲೆ ಗಂಟನ್ನು ಒಂದು ಬೆರಳು ಕೆಳಕ್ಕೆ ಸರಿಸಿ, ಮತ್ತೆ ಒಂದರಿಂದ ಶುರುಮಾಡಿದ.