ಹೇಳಿದವಳ ಪಾಲು

ನಿಪ್ಪಾಣಿಯಲ್ಲಿ ಸಕೀನಾಬಿಯ ಅಂಗಳದಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರಿಗೆ ‘ಮಂಜಿನ ನಿಲ್ದಾಣ’ ಎಂಬ ಜಪಾನಿ ಧಾರಾವಾಹಿಯ ಕಥೆ, ಕೊನೆಯ ಕಂತೊಂದನ್ನು ಬಿಟ್ಟು, ಬಾಯಿಪಾಠವಾಗಿತ್ತು. ಆದರೆ ಅದನ್ನು ಅವರಲ್ಲಿ ಒಬ್ಬಳನ್ನು ಬಿಟ್ಟು ಯಾರೂ ನೋಡಿರಲಿಲ್ಲ.

ನೋಡುವುದಾದರೂ ಹೇಗೆ? ಎಲೆ ಕತ್ತರಿಸಬೇಕು, ಚಿಟಿಕೆ ತಂಬಾಕು ಹಾಕಿ ಸುತ್ತಬೇಕು, ತುದಿ ಮಡಚಿ ದಾರ ಬಿಗಿಯಬೇಕು. ಮೊರದಿಂದ ಕಣ್ಣೆತ್ತಿದರೆ ಬೀಡಿ ಸಡಿಲಾಗುತ್ತದೆ. ಸಡಿಲಾದದ್ದನ್ನು ಸಂಜೆ ಮಾಲು ಒಯ್ಯಲು ಬರುವ ಬಾಳಾಸಾಬ ಆರಿಸಿ ಬಿಸಾಡುತ್ತಾನೆ. ಹಾಗಾಗಿ ಭಾಗ್ಯಾ ಒಬ್ಬಳೇ ನೋಡುತ್ತಿದ್ದಳು. ಕಾಲೇಜು ಮುಗಿಸಿದವಳು ಅವಳೊಬ್ಬಳೇ. ಗೋಡೆಗೆ ಒರಗಿ, ಮೊಬೈಲನ್ನು ಮೊಣಕಾಲಿಗೆ ಆನಿಸಿ, ಚಿತ್ರದ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿಕೊಂಡು ತಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಕಥೆ ಹೇಳುವವಳ ಕೈ ಬೀಡಿ ಕಟ್ಟುವುದಿಲ್ಲವಲ್ಲ, ಅದಕ್ಕೇ ಆ ದಿನದ ಕಂತು ಮುಗಿದ ಮೇಲೆ ಒಬ್ಬೊಬ್ಬಳೂ ತನ್ನ ಮೊರದಿಂದ ಒಂದು ಹಿಡಿ ಬೀಡಿ ತೆಗೆದು ಭಾಗ್ಯಾಳ ಮೊರಕ್ಕೆ ಹಾಕುತ್ತಿದ್ದಳು. ಯಾರು ಶುರು ಮಾಡಿದರೋ ಏನೋ. ಹೇಳಿದವಳ ಪಾಲು ಅನ್ನುತ್ತಿದ್ದರು.

ಕಥೆ ಇಷ್ಟೇ. ಸಮುದ್ರದ ದಂಡೆಯ ಒಂದು ಸಣ್ಣ ಸ್ಟೇಷನ್ನು. ಅಲ್ಲಿ ಚಹಾ ಮಾರುವ ಒಬ್ಬಳು ಮುದುಕಿ. ಮನೆ ಬಿಟ್ಟು ಬಂದು ಅವಳ ಹತ್ತಿರ ಉಳಿದ ಒಬ್ಬ ಹುಡುಗ. ಅವನ ಜಪಾನಿ ಹೆಸರು ಯಾರ ನಾಲಿಗೆಗೂ ಹೊರಳದೆ ಭಾಗ್ಯಾ ಅವನನ್ನು ಕೆಂಚ್ಯಾ ಎಂದಿದ್ದಳು. ಒಂದು ದಿನ ಕೆಂಚ್ಯಾ ಗಾಡಿ ಹತ್ತಿ ಹೋಗುತ್ತಾನೆ. ತಿರುಗಿ ಬರುತ್ತಾನೋ ಇಲ್ಲವೋ, ಅದು ಕೊನೆಯ ಕಂತು.

ಕೊನೆಯ ಕಂತಿಗೆ ಮುಂಚೆ ಭಾಗ್ಯಾಳ ಮದುವೆಯಾಯಿತು. ಗಂಡ ಸುಮೇಧ ಸಕ್ಕರೆ ಕಾರ್ಖಾನೆಯ ನೌಕರ. ಮನೆ ಉಗಾರ ಬುದ್ರುಕದಲ್ಲಿ. ಹೋಗುವಾಗ ಅವಳು ಬೆರಳು ತೋರಿಸಿ ಹೇಳಿದ್ದಳು: “ಕಡೇದು ಯಾರೂ ನೋಡಬ್ಯಾಡ್ರಿ. ನಾನ ಬಂದು ಹೇಳ್ತೇನಿ. ನನ್ನ ಬಿಟ್ಟು ನೋಡಿದ್ರ ನಿಮ್ಮ ಬೀಡಿ ಎಲ್ಲಾ ಸಡ್ಲ ಆಗ್ಲಿ.”

ಸಕೀನಾಬಿಯ ಮಗಳು ಫಿರದೋಸ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಕ್ಕಂದಿನಿಂದ ಭಾಗ್ಯಾಳ ಪಕ್ಕದಲ್ಲೇ ಕೂತು ಬೀಡಿ ಕಲಿತವಳು ಅವಳು. ಕಬ್ಬಿನ ಹಂಗಾಮು ಮುಗಿದ ಮೇಲೆ ಬರ್ತೇನಿ ಎಂದಳು ಭಾಗ್ಯಾ. ಹಂಗಾಮು ಮುಗಿಯಿತು, ಬಸಿರು ಅಂದಳು. ಕೂಸು ಹುಟ್ಟಿತು. ಮತ್ತೆ ಹಂಗಾಮು ಬಂತು. ಉಗಾರ ಏನು ಪರದೇಶವೇ? ಚಿಕ್ಕೋಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮುಂಜಾನೆ ಹತ್ತಿದರೆ ಊಟದ ಹೊತ್ತಿಗೆ ಬಂದಿಳಿಯಬಹುದು. ಅಷ್ಟು ಹತ್ತಿರ ಇದ್ದದ್ದೇ ಫಿರದೋಸಳನ್ನು ಹೆಚ್ಚು ಕಾಡುತ್ತಿತ್ತು. ಭಾಗ್ಯಾ ಒರಗುತ್ತಿದ್ದ ಗೋಡೆಯ ಹತ್ತಿರ ಯಾರಾದರೂ ಮೊರ ಇಟ್ಟರೆ, “ಅಲ್ಲಿ ಬಿಸಲ ಬರ್ತೈತ್ರಿ, ಈ ಕಡೆ ಬರ್ರಿ” ಅನ್ನುತ್ತಿದ್ದಳು. ಅಲ್ಲಿ ಬಿಸಿಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಅವಳ ತಮ್ಮ ಅರ್ಮಾನ ಒಂದು ಸುದ್ದಿ ತಂದ. ಮೊಬೈಲ್ ಅಂಗಡಿ ಇಟ್ಟವನು. ಅನಿಮೆ ಅನ್ನುವ ಇಂಥ ಜಪಾನಿ ಬಿಡಿಸಿದ ಚಿತ್ರಗಳಿಗೆ ಯಾರಾದರೂ ಕಾರ್ಟೂನ್ ಅಂದರೆ ಸಿಟ್ಟಾಗುವವನು.

“ಅಕ್ಕಾ, ನಿಮ್ಮ ಮಂಜಿನ ನಿಲ್ದಾಣ ಈಗ ಹಿಂದಿಯೊಳಗ ಬಂದೈತಿ. ಇಡೀ ದುನಿಯಾದಾಗ ಅದಕ್ಕ ಒಂದನೇ ನಂಬರ್ ಕೊಟ್ಟಾರ. ಶುಕ್ರವಾರ ಟಿವಿಗೆ ಹಚ್ಚತೇನಿ, ಎಲ್ಲಾರೂ ಕಣ್ಣಿಲೆ ನೋಡ್ರಿ ಒಮ್ಮೆ.”

ಶುಕ್ರವಾರ ಮೊರಗಳನ್ನು ಗೋಡೆಗೆ ಆನಿಸಿಟ್ಟು ಎಲ್ಲರೂ ಒಳಗೆ ಕೂತರು. ಎಲ್ಲರಿಗಿಂತ ಮುಂದೆ ಜನಾಬಾಯಿ, ಅಂಗಳದ ಹಿರಿಯಳು, ಬಾಳಾಸಾಬನೂ ಅಂಜುವ ಬಾಯಿ ಅವಳದು. ಚಿತ್ರ ಶುರುವಾಯಿತು. ಮಂಜು. ಸಮುದ್ರ. ಹಳಿ. ಚಿತ್ರದಲ್ಲಿ ಒಂದು ಮಾತೂ ಬರಲಿಲ್ಲ.

“ಆವಾಜ ಹೋಗೈತೇನಪಾ?” ಜನಾಬಾಯಿ ಕೇಳಿದಳು.

“ಇಲ್ಲ ಮೌಶಿ, ಅದು ಹಂಗ ಐತಿ.”

ಮುದುಕಿ ಬಂದಳು. ಕೆಟಲಿ ಇಟ್ಟಳು. ಹುಡುಗನಿಗೆ ಕಪ್ಪು ಕೊಟ್ಟಳು. ‘ಬಿಸಿ ಇದೆ’ ಎಂದಳು. ಹೋದಳು.

ಎಲ್ಲರೂ ಕಾದರು. ಭಾಗ್ಯಾಳ ಕಥೆಯಲ್ಲಿ ಇದೇ ಜಾಗದಲ್ಲಿ ಮುದುಕಿ ಕೆಂಚ್ಯಾನ ಮುತ್ತಜ್ಜನ ತನಕ ಬೈದಿದ್ದಳು, ಸ್ಟೇಷನ್ ಮಾಸ್ತರನ ಮೀಸೆಯ ಮೇಲೆ ಲಾವಣಿ ಕಟ್ಟಿದ್ದಳು, ಸತ್ತ ಗಂಡನನ್ನು ನೆನೆದು ಅತ್ತು, ಕಣ್ಣೊರೆಸಿಕೊಂಡ ಸೆರಗಿನಿಂದಲೇ ಚಹಾ ಸೋಸಿದ್ದಳು.

“ಅಗಬಾಯಿ, ನಮ್ಮ ಮುದುಕಿ ಎಲ್ಲಿ?” ಅಂದಳು ಜನಾಬಾಯಿ. “ಇಕಿ ಮೂಕಿ ಅದಾಳಲ್ಲೋ.”

“ಇಕೀನ ಮೌಶಿ. ಒಂದೊಂದು ಕಂತಿನ್ಯಾಗ ಒಂದ ಮಾತು ಆಡ್ತಾಳ. ಅದ ಇದರ ಮಜಾ.”

“ಸುಡಲಿ ಮಜಾ. ಬೇರೇದ ಹಚ್ಚೀಯೇನ ನೋಡು.”

ಆಗ ಒಬ್ಬೊಬ್ಬರಿಗೆ ತಿಳಿಯಿತು. ಮುದುಕಿಯ ಬೈಗುಳ ಜನಾಬಾಯಿಯದು. ಮಾಸ್ತರನ ಕೆಮ್ಮು ಬಾಳಾಸಾಬನದು. ಕೆಂಚ್ಯಾ ಸುಳ್ಳು ಹೇಳುವಾಗ ಮೂಗು ತಿಕ್ಕುವುದು ಅರ್ಮಾನನಿಂದ ಎತ್ತಿಕೊಂಡದ್ದು. ಭಾಗ್ಯಾ ಜಪಾನಿನ ಸ್ಟೇಷನ್ನಿಗೆ ಇಡೀ ಅಂಗಳವನ್ನು ಇಳಿಸಿದ್ದಳು. ಕಿವಿಯಲ್ಲೇ ಕಥೆ ಕೇಳಿದವರು ಆ ಬಾಯಿ ಜೋರಿನ ಮುದುಕಿಯೇ ನಾಯಕಿ ಎಂದು ತಿಳಿದಿದ್ದರು.

“ನಮ್ಮನ್ನ ಚಲೋ ಮಂಗ್ಯಾ ಮಾಡ್ಯಾಳ ಹುಡಿಗಿ,” ಎಂದು ಜನಾಬಾಯಿ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದನೇ ನಂಬರ್ ಕೊಡೂದಿದ್ರ ಭಾಗ್ಯಾಗ ಕೊಡ್ರಿ. ಇದಕ್ಕ ಬ್ಯಾಡ.”

ಅರ್ಮಾನನಿಗೆ ಅವಮಾನವಾಯಿತು. “ಅಕ್ಕಾ, ನೀನರ ಪೂರಾ ನೋಡಿ ಹೇಳು. ನಿನ್ನ ಮಾತ ಒಪ್ಪತೇನಿ.”

ಫಿರದೋಸ ನೋಡಿದಳು. ಮಧ್ಯಾಹ್ನ ಎಲೆ ನೆನೆಯುವ ಹೊತ್ತಿನಲ್ಲಿ ದಿನಕ್ಕೊಂದು ಕಂತು. ಮೊದಮೊದಲು ಖಾಲಿ ಜಾಗ ಬಂದಾಗಲೆಲ್ಲ ಭಾಗ್ಯಾಳ ಮಾತನ್ನು ತುಂಬಿಕೊಂಡು ನೋಡಿದಳು. ನಂತರ ಒಂದು ಕಂತಿನಲ್ಲಿ ಕೆಂಚ್ಯಾ ಹೋದ ಮೇಲೆ ಮುದುಕಿ ಅಭ್ಯಾಸದಿಂದ ಎರಡು ಕಪ್ಪು ಚಹಾ ಸುರಿದು, ಒಂದನ್ನು ತಿರುಗಿ ಕೆಟಲಿಗೆ ಹಾಕುವುದು ಬಂತು. ಭಾಗ್ಯಾ ಇದನ್ನು ಹೇಳಿರಲೇ ಇಲ್ಲ. ಹೇಳಲು ಅಲ್ಲಿ ಮಾತೇ ಇರಲಿಲ್ಲ. ಫಿರದೋಸ ಅದನ್ನು ಹಿಂದೆ ಸರಿಸಿ ಮತ್ತೆ ನೋಡಿದಳು. ಹೊರಗೆ ಬಂದು ಗೋಡೆಯ ಹತ್ತಿರದ ಖಾಲಿ ನೆಲ ನೋಡಿದಳು.

“ಏನಂತಿ?” ಅರ್ಮಾನ ಕೇಳಿದ.

“ದುನಿಯಾ ಸುಳ್ಳ ಹೇಳಿಲ್ಲೋ,” ಅಂದಳು. “ಚಲೋ ಐತಿ. ಆದ್ರ ಯಾರನ್ನರ ಕಳಕೊಂಡವರಿಗೆ ಐತಿ ಅದು. ಜನಾಬಾಯಿಗೆ ಬ್ಯಾಡ ಅನಸ್ತದ, ಅದೂ ಖರೇನ.”

ಕೊನೆಯ ಕಂತು ಉಳಿಯಿತು. ಹೆಂಗಸರು ಬಿಡಲಿಲ್ಲ. ಮುದುಕಿ ಮೂಕಿಯೋ ಕಿವುಡಿಯೋ ಇರಲಿ, ಕೆಂಚ್ಯಾ ಬಂದನೋ ಇಲ್ಲವೋ ತಿಳಿಯಬೇಕಲ್ಲ. ಫಿರದೋಸ ಉಗಾರಕ್ಕೆ ಫೋನು ಹಚ್ಚಿದಳು. ಕೂಸು ಅಳುವ ಸದ್ದು, ಹಿಂದೆ ಅತ್ತೆ ಸುಂದರಾ ಯಾರದು ಎಂದು ಕೇಳುವ ಸದ್ದು.

“ಯಾವಾಗ ಬರ್ತಿಬೇ?”

“ಬರ್ತೇನಿ ಫಿರದೋಸ. ಇವರಿಗೆ ರಜಾ ಸಿಗಲಿ. ಅತ್ತೀದು ಮೊಣಕಾಲ...” ಭಾಗ್ಯಾ ಮಾತು ಬದಲಿಸಿದಳು. “ಸುಳ್ಳ ಯಾಕ ಹೇಳ್ಲಿ? ಯಾವಾಗ ಅಂತ ನನಗೂ ಗೊತ್ತಿಲ್ಲ. ನೋಡಿಬಿಡ್ರಿ ನೀವು.”

“ನೀ ನೋಡೀಯೇನ?”

“ಇಲ್ಲ. ನಿಮ್ಮನ್ನ ಬಿಟ್ಟು ಹೆಂಗ ನೋಡ್ಲಿ? ನೀನ ಹೇಳು. ಕೂಸಿಗೆ ಹಾಲ ಕುಡಸ್ಕೋತ ಕೇಳ್ತೇನಿ.”

ಫಿರದೋಸ ಎಂದೂ ಕಥೆ ಹೇಳಿದವಳಲ್ಲ. ತನ್ನ ಫೋನನ್ನು ಸ್ಪೀಕರಿಗೆ ಹಾಕಿ ನಡುವೆ ಇಟ್ಟಳು. ಅರ್ಮಾನನ ಫೋನಿನಲ್ಲಿ ಕಂತು ಹಚ್ಚಿ, ಸುತ್ತ ಕೂತವರ ಮೊರಗಳ ನಡುವೆ ಮೆಲ್ಲಗೆ ಶುರು ಮಾಡಿದಳು. ಮಂಜು ಬಿದ್ದೈತಿ. ಮುದುಕಿ ಒಲಿ ಹಚ್ಚ್ಯಾಳ. ಆಮೇಲೆ ಮಾತು ತಾನೇ ಬಂತು. ಮುದುಕಿ ಒದ್ದೆ ಕಟ್ಟಿಗೆಗೆ ಜನಾಬಾಯಿಯ ದನಿಯಲ್ಲೇ ಬೈದಳು. ಅಂಗಳ ನಕ್ಕಿತು. ಉಗಾರದಿಂದಲೂ ನಗು ಕೇಳಿತು.

“ಗಾಡಿ ಬಂತು,” ಅಂದಳು ಫಿರದೋಸ. “ನಿಂತತಿ. ಬಾಗಲಾ ತಗೀತು. ಮುದುಕಿ ಎದ್ದು ನಿಂತಾಳ. ಕೈಯಾಗ ಎರಡ ಕಪ್ಪು ಅದಾವ.”

“ಯಾರ ಇಳಿದ್ರು?” ಫೋನಿನಿಂದ ದನಿ.

ಫಿರದೋಸಳ ಬೆರಳು ಪರದೆಯ ಮೇಲೆ ಬಿತ್ತು. ಚಿತ್ರ ನಿಂತಿತು. ತೆರೆದ ಬಾಗಿಲು, ಒಳಗೆ ಬರೀ ಬಿಳಿ ಮಂಜು.

“ನಿಲ್ಲಿಸೇನಿ,” ಅಂದಳು. “ನೀ ಬಂದ ನೋಡು. ಅಲ್ಲಿ ತನಕ ಗಾಡಿ ಇಲ್ಲೇ ನಿಂತಿರ್ತದ.”

“ಏ ಹುಚ್ಚಿ, ನಮ್ಮ ಜೀವಾ ತಿಂತಿಯಲ್ಲ,” ಜನಾಬಾಯಿ ಗೊಣಗಿದಳು. ಫೋನಿನ ಆ ಕಡೆ ಕೂಸು ಅತ್ತಿತು. ಅದನ್ನು ಸಮಾಧಾನ ಮಾಡುತ್ತಲೇ “ಆತು” ಅಂದಳು ಭಾಗ್ಯಾ. ಅಷ್ಟೇ.

ಜನಾಬಾಯಿ ತನ್ನ ಮೊರದಿಂದ ಒಂದು ಹಿಡಿ ಬೀಡಿ ಎತ್ತಿ ಫಿರದೋಸಳ ಮೊರಕ್ಕೆ ಹಾಕಿದಳು. ಉಳಿದವರೂ ಹಾಕಿದರು. ಫಿರದೋಸ ಎದ್ದಳು. ಒಳಗೆ ಹೋಗಿ ಭಾಗ್ಯಾಳ ಹಳೆಯ ಮೊರ ತಂದು, ಧೂಳು ಕೊಡವಿ, ಗೋಡೆಯ ಹತ್ತಿರ ಇಟ್ಟಳು. ಬೀಡಿಗಳನ್ನೆಲ್ಲ ಅದಕ್ಕೆ ಸುರಿದು, ತನ್ನ ಖಾಲಿ ಮೊರದ ಮುಂದೆ ಕೂತು ಹೊಸ ಎಲೆ ಎತ್ತಿಕೊಂಡಳು.