ಕೊನೆಯವರ ಜೊತೆಗೊಬ್ಬರು

ಮೇಜಿಗೆ ಹಾಸಿದ ಬಿಳಿ ಬಟ್ಟೆಗೆ ಇಸ್ತ್ರಿ ಆಗಿರಲಿಲ್ಲ. ಇಸ್ತ್ರಿಯಮ್ಮನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಗಂಡನ ದೊಡ್ಡ ಫೋಟೋ, ಅದರ ಮುಂದೆ ಅವಳೇ ಚೀಲದಲ್ಲಿ ತಂದುಕೊಟ್ಟ ಷೂ ಜೋಡಿ, ಮೈದಾನದ ತುಂಬ ಅವನ ನೆನಪಿನ ಓಟಕ್ಕೆ ಉಡುಪು ತೊಟ್ಟು ನಿಂತ ಜನ, ಇದೆಲ್ಲ ಆಮೇಲೆ ಕಂಡಿತು. ಬಟ್ಟೆಯ ಮಡಿಕೆಗಳು ಗದ್ದೆಯ ಬದುವಿನ ಹಾಗೆ ಎದ್ದು ನಿಂತಿದ್ದವು. ಇಷ್ಟು ಪ್ರೀತಿ ಇದ್ದವರು ಒಂದು ಬಟ್ಟೆಯನ್ನು ನನ್ನ ಇಸ್ತ್ರಿ ಅಂಗಡಿಗೆ ಕಳಿಸಬಾರದಿತ್ತೇ, ಬಿಟ್ಟಿಯಾಗಿ ಮಾಡಿಕೊಡುತ್ತಿದ್ದೆನಲ್ಲ ಎಂದುಕೊಂಡು ಅವಳು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.

ಮೈಕು ಲೆಕ್ಕದ ಮೇಷ್ಟ್ರ ಕೈಯಲ್ಲಿತ್ತು. ಕೆಲಸದಿಂದ ನಿವೃತ್ತಿಯಾದ ಮೇಲೆ ಬೆಳಗಿನ ಓಟದ ಗುಂಪಿಗೆ ಸೇರಿದವರು ಅವರು. ಮೊದಲ ದಿನ ತಾನು ಓಡಿದ್ದಲ್ಲ, ಉರುಳಿದ್ದು ಎಂದು ಅವರು ಹೇಳಿದಾಗ ಜನ ನಕ್ಕರು. ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರಂತೆ. ಅಷ್ಟರಲ್ಲಿ ಪಂಪ್‌ಹೌಸಿನಲ್ಲಿ ಕೆಲಸ ಮಾಡುವ ಒಬ್ಬ ಸಣಕಲು ಮನುಷ್ಯ ಎಲ್ಲರಿಗಿಂತ ಮುಂದಿದ್ದವನು ತಿರುಗಿ ಬಂದು, ಪಕ್ಕದಲ್ಲಿ ಸೇರಿಕೊಂಡು, "ಮೆಲ್ಲಗೆ ಮೇಷ್ಟ್ರೇ, ಮೆಲ್ಲಗೆ. ರಸ್ತೆ ಎಲ್ಲಿಗೂ ಓಡಿಹೋಗಲ್ಲ" ಅಂದನಂತೆ. ಅಂದಿನಿಂದ ಅವನ ಹೆಸರೇ ಮೆಲ್ಲಗಣ್ಣ ಎಂದಾಯಿತು. ಕೊನೆಯಲ್ಲಿ ಉಳಿದವರ ಜೊತೆ ಯಾರಾದರೂ ಒಬ್ಬರು ಇರಲೇಬೇಕು ಅನ್ನೋದು ಅವನು ಮಾಡಿದ ಕಟ್ಟಳೆ. ಅದನ್ನು ಇವತ್ತಿನವರೆಗೂ ಯಾರೂ ಮುರಿದಿಲ್ಲ ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಮೆಲ್ಲಗಣ್ಣ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಹೆಸರು ಇವತ್ತೇ ಕಿವಿಗೆ ಬಿದ್ದದ್ದು. ಅವಳ ಮನೆಯಲ್ಲಿದ್ದವನು 'ಬೇಗ' ಎಂಬ ಗಂಡ. ಬೇಗ ಬಾ, ಬೇಗ ಬಡಿಸು, ಬೇಗ ಬಾಗಿಲು ಹಾಕು. ಪೇಟೆಗೆ ಹೊರಟರೆ ಅವನು ಮುಂದೆ, ಅವಳು ಚೀಲ ಹೊತ್ತು ಹಿಂದೆ. ತಿರುವಿನಲ್ಲಿ ಅವನ ಅಂಗಿ ಕಾಣದಾದಾಗ ಯಾವ ಕಡೆ ಹೋದ ಎಂದು ಅಂಗಡಿಯವರನ್ನು ಕೇಳಬೇಕು. ಬೀದಿಯಲ್ಲಿ ಅವಳು ಕಂಡದ್ದು ಅವನ ಬೆನ್ನೇ. ಆ ಅಂಗಿಯ ಬೆನ್ನಿಗೆ ತಾನೇ ಹೊಡೆದ ಇಸ್ತ್ರಿಯ ಗೆರೆ ನೋಡಿಕೊಂಡು ನಡೆದಿದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಹಿಂದಿನವರು ಸುಮ್ಮನೆ ಹೇಳಿಲ್ಲ.

ಬಟ್ಟೆ ಕೊಡಲು ಬರುವ ಹೆಂಗಸರ ಹತ್ತಿರ ಅವಳೇ ತಮಾಷೆ ಮಾಡುತ್ತಿದ್ದಳು: "ನನ್ನ ಸವತಿ ನಾಲ್ಕು ಮೈಲಿ ಉದ್ದ ಇದ್ದಾಳೆ ಕಣ್ರೀ. ಕಾಲುವೆ ದಂಡೆ ಮೇಲೆ ಮಲಗಿರ್ತಾಳೆ. ನಮ್ಮವರು ದಿನಾ ಬೆಳಗಾಗೋ ಮುಂಚೆ ಎದ್ದು ಅವಳ ಹತ್ತಿರ ಹೋಗ್ತಾರೆ." ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ರಸ್ತೆಯನ್ನು ಸವತಿ ಅನ್ನುವುದು ಸುಲಭ. ಅದಕ್ಕೆ ಮುಡಿಯಿಲ್ಲ, ಬೆವರಿಲ್ಲ, ನಕ್ಕರೆ ಕೇಳಿಸುವ ಗಂಟಲಿಲ್ಲ. ಬೇಕರಿಯವಳಿಗೆ ಅದೆಲ್ಲ ಇತ್ತು.

ಮೇಷ್ಟ್ರು ಮೈಕನ್ನು ಅವಳ ಕೈಗೇ ಕೊಟ್ಟರು. ಬೇಕರಿಯವಳು ನಲವತ್ತು ದಾಟಿದ ಹೆಣ್ಣು, ಮದುವೆ ಮಾಡಿಕೊಂಡವಳಲ್ಲ. ಒಂದು ಕಾಲಕ್ಕೆ ತನ್ನ ಒಲೆಯ ಬನ್ನಿನ ಹಾಗೆ ಉಬ್ಬಿಕೊಂಡಿದ್ದವಳು ಈಗ ಬೆತ್ತದಂತೆ ಇಳಿದಿದ್ದಳು. ಇಳಿಸಿದವನು ಯಾರು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಮೊದಮೊದಲು ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದವಳು ಅವಳೇ, ಕಟ್ಟಳೆಯ ಪ್ರಕಾರ ಅವಳ ಪಕ್ಕದಲ್ಲಿ ವರ್ಷಗಟ್ಟಲೆ ಓಡಿದವನು ಅವನೇ. ಜನ ಏನೇನೋ ಆಡಿಕೊಂಡರು. ಇಸ್ತ್ರಿಯಮ್ಮ ಗಂಡನ ಎದುರು ಒಂದು ದಿನವೂ ಆ ಮಾತು ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ಹಾಕಿದ ಮಾತ್ರಕ್ಕೆ ಒಳಗಿನ ಕೆಂಡ ಆರುತ್ತದೆಯೇ? ಮುಚ್ಚಿದಷ್ಟೂ ತಳ ಕಾಯುತ್ತದೆ.

ಬೇಕರಿಯವಳಿಗೆ ಭಾಷಣ ಗೊತ್ತಿರಲಿಲ್ಲ. ಮೈಕನ್ನು ಹಿಟ್ಟಿನ ಉಂಡೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಅಣ್ಣ ಇಲ್ಲದಿದ್ದರೆ ತಾನು ಇವತ್ತು ಎದ್ದು ಓಡಾಡುತ್ತಿರಲಿಲ್ಲ ಅಂದಳು. ಆಮೇಲೆ, "ಹೋದ ಬೇಸಿಗೇಲೇ ನನಗೆ ಹೇಳಿಬಿಟ್ಟಿದ್ರು. ಹೊಟ್ಟೇಲಿ ಏನೋ ಗಂಟು ಥರ ಇದೆ, ಇನ್ನು ಮೇಲೆ ಕೊನೆಯವರನ್ನ ನೋಡಿಕೊಳ್ಳೋದು ನಿನ್ನ ಜವಾಬ್ದಾರಿ ಅಂತ" ಎಂದು ಮೈಕು ವಾಪಸು ಕೊಟ್ಟಳು.

ಬೇಸಿಗೆ. ಇಸ್ತ್ರಿಯಮ್ಮನಿಗೆ ಅವನು ಹೇಳಿದ್ದು ಚಳಿ ಶುರುವಾದ ಮೇಲೆ. ಅದೂ ಬಾಯಿಬಿಟ್ಟು ಹೇಳಿದ್ದಲ್ಲ, ಆಸ್ಪತ್ರೆಯ ಚೀಟಿ ಅಂಗಿಯ ಜೇಬಿನಿಂದ ಇಸ್ತ್ರಿಗೆ ಮುಂಚೆ ಅವಳ ಕೈಗೆ ಸಿಕ್ಕಿದ ಮೇಲೆ. ಕ್ಯಾನ್ಸರ್ ಅಂದಾಗ ಅವಳು ಗೋಡೆ ಹಿಡಿದುಕೊಂಡು ಕುಸಿದಿದ್ದಳು ನಿಜ. ಆದರೆ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಗಂಡ ಮೊದಲ ಸಲ ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ, ಅವಳ ತೋಳು ಹಿಡಿದು ನಡೆದಾಗ ಒಳಗೆಲ್ಲೋ ಒಂದು ಕೆಟ್ಟ ಸಮಾಧಾನ ತಲೆಯೆತ್ತಿ, ಸೋತಳು ನೋಡು ಸವತಿ ಅಂದಿತ್ತು. ಆ ಚಳಿಗಾಲ ಪೂರ್ತಿ ಅವನು ಅವಳವನು. ಕುಡಿಸಿದ್ದು, ತೊಳೆದದ್ದು, ಹೊರಳಿಸಿದ್ದು ಎಲ್ಲ ಅವಳ ಕೈ. ಕೊನೆಗಾದರೂ ನನ್ನ ಪಾಲಿಗೆ ಬಂದ ಎಂದುಕೊಂಡಿದ್ದಳು. ಈಗ ನೋಡಿದರೆ ಆ ಪಾಲಿನಲ್ಲೂ ಮೊದಲ ತುತ್ತು ಬೇರೆಯವಳ ತಟ್ಟೆಗೆ ಬಿದ್ದಿತ್ತು. ಬೇಸಿಗೆಯಲ್ಲಿ ಅವನು ನನ್ನ ಪಕ್ಕದಲ್ಲೇ ಕೂತು ಉಂಡಿದ್ದ, ಪಕ್ಕದಲ್ಲೇ ಮಲಗಿದ್ದ. ನನಗೆ ಹೇಳಲಾರದ್ದನ್ನು ಅವಳಿಗೆ ಹೇಳುವಂಥದ್ದು ಅವಳಲ್ಲಿ ಏನು ಕಂಡ? ಅದೊಂದು ತಿಳಿಯದೆ ಇನ್ನು ಮನೆಗೆ ಹೋಗುವ ಹಾಗಿರಲಿಲ್ಲ.

ಮೈಕು ಅವಳ ಮುಂದೆ ಬಂತು. ಎರಡು ಮಾತು ಆಡಿ, ಬಾವುಟ ಬೀಸಿದರೆ ಸಾಕು ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಎರಡು ಮಾತನ್ನು ಅವಳು ಸಿದ್ಧ ಮಾಡಿಕೊಂಡೂ ಬಂದಿದ್ದಳು. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತು ಅನ್ನುವವರ ಮುಂದೆ, ನಮ್ಮ ಮನೆಯಲ್ಲಿ ಅವರು ಹೀಗಿರಲಿಲ್ಲ ಅಂದುಬಿಡಬೇಕು ಎಂದಿತ್ತು. ಈಗ ಆ ಮಾತು ಹಳಸಿಹೋದಂತೆ ಕಂಡಿತು.

"ನಾನೂ ಬರ್ತೀನಿ. ಓಡೋಕೆ ಆಗಲ್ಲ, ನಡೀತೀನಿ" ಎಂದಳು.

ಜನ ಚಪ್ಪಾಳೆ ತಟ್ಟಿದರು. ಬಾವುಟ ಬೀಸಿದ್ದಾಯಿತು. ಎಲ್ಲರೂ ಹಿಂಡು ಬಿಟ್ಟ ಹಾಗೆ ಹೊರಟು, ಗೇಟು ದಾಟಿ, ಕಾಲುವೆ ದಂಡೆ ಹಿಡಿದರು. ಧೂಳು ಇಳಿದು ನೋಡಿದರೆ ಹಿಂದೆ ಉಳಿದವರು ಇಬ್ಬರೇ: ಅವಳು, ಮತ್ತು ಕಟ್ಟಳೆ ಮೀರದ ಬೇಕರಿಯವಳು.

ಇಸ್ತ್ರಿಯಮ್ಮ ಚಪ್ಪಲಿ ಸದ್ದು ಮಾಡುತ್ತ ಬಿರಬಿರನೆ ನಡೆದಳು. ಪಕ್ಕದಲ್ಲಿ ಬೇಕರಿಯವಳು. ಕಟ್ಟಳೆ ಎಷ್ಟು ಗಟ್ಟಿಯೋ ನೋಡೋಣವೆಂದು ಇವಳು ಮೊಣಕಾಲು ನೋವಿನ ನೆಪ ಹೇಳಿ ನಿಂತರೆ ಅವಳೂ ನಿಂತಳು. ನೀನು ಹೋಗಮ್ಮ, ನಿನ್ನ ಓಟ ಕೆಡಿಸೋಕೆ ನಾನ್ಯಾಕೆ ಎಂದು ಹೇಳಿ ನೋಡಿದಳು. ಹಾಗೆ ಬಿಟ್ಟು ಹೋದರೆ ಅಣ್ಣ ಬೈತಾರೆ ಎಂದು ಬೇಕರಿಯವಳು ಅಂದಳು. ಅಣ್ಣ ಇನ್ನೂ ಮುಂದಿನ ತಿರುವಿನಲ್ಲಿ ಕಾಯುತ್ತಿದ್ದಾನೆ ಅನ್ನುವ ಹಾಗಿತ್ತು ಆ ಮಾತು. ಇಸ್ತ್ರಿಯಮ್ಮ ಮೂಗು ಮುರಿದಳು. ನಿಂತು ಕೆಲಸ ಮಾಡಿದ ಕಾಲುಗಳು ಅವಳವು, ಇಷ್ಟು ದೂರ ನಡೆಯುವ ಅಭ್ಯಾಸವಿಲ್ಲ. ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಬರುವಷ್ಟರಲ್ಲಿ ಏದುಸಿರು ಹತ್ತಿತು.

"ಮೇಜಿನ ಮೇಲಿರೋ ಷೂ ಅಣ್ಣನ್ನ ಕಚ್ತಿತ್ತಲ್ವಾ ಅಕ್ಕ?" ಬೇಕರಿಯವಳು ನೀರಿನ ಕಡೆ ನೋಡುತ್ತ ಕೇಳಿದಳು. "ಹಿಮ್ಮಡಿ ಸುಲಿದುಹೋಗಿದೆ ಅಂತಿದ್ರು. ಎರಡು ದಿನ ಹಾಕಿ ಬಿಟ್ಟುಬಿಟ್ರು."

ಇಸ್ತ್ರಿಯಮ್ಮ ಅದನ್ನು ಬೇಕೆಂದೇ ಆರಿಸಿ ತಂದಿದ್ದಳು. ಹಿಮ್ಮಡಿ ಸವೆದು, ಬೆರಳ ಗುರುತು ಒಳಗೆ ಅಚ್ಚೊತ್ತಿದ ನಿಜವಾದ ಜೋಡಿ ಮಂಚದ ಕೆಳಗೆ ಇತ್ತು. ಅದನ್ನು ನಾಲ್ಕು ಜನರ ಕಣ್ಣಿಗೆ ಬೀಳಿಸಲು ಮನಸ್ಸು ಒಪ್ಪಿರಲಿಲ್ಲ.

"ಗೊತ್ತಿದ್ದೂ ಅಲ್ಲಿ ಯಾಕೆ ಸುಮ್ಮನಿದ್ದೆ?"

"ನಾನಾಗಿದ್ರೂ ಕೊಡ್ತಿರಲಿಲ್ಲ."

ಒಗೆಯುವ ಕಲ್ಲಿನ ಮೇಲೆ ಇಸ್ತ್ರಿಯಮ್ಮ ಕೂತುಬಿಟ್ಟಳು. ಬೇಕರಿಯವಳು ಸ್ವಲ್ಪ ಆಚೆ, ನಿಂತೇ ಇದ್ದಳು. ಮುಂದೆ ಹೋದವರ ಮಾತು ಈಗ ಕೇಳಿಸುತ್ತಿರಲಿಲ್ಲ.

"ನಿನಗೇ ಯಾಕೆ ಮೊದಲು ಹೇಳಿದ್ರು?" ಅವಳು ಕೇಳಿಯೇಬಿಟ್ಟಳು. "ಸುಳ್ಳು ಹೇಳಬೇಡ. ನನ್ನ ಸಮಾಧಾನಕ್ಕೆ ಅಂತ ಏನೂ ಕಟ್ಟಬೇಡ."

ಬೇಕರಿಯವಳು ತಡೆದು ತಡೆದು ಹೇಳಿದಳು. "ಮನೇಲಿ ಹೇಳಿದ್ರೆ ಅವಳು ಓಡೋಕೆ ಬಿಡಲ್ಲ ಅಂದ್ರು. ಇದೊಂದು ಬೇಸಿಗೆ ಓಡಿಬಿಡ್ತೀನಿ, ಆಮೇಲೆ ಅವಳ ಕೈಗೆ ಸಿಗ್ತೀನಿ ಅಂದ್ರು. ನಾನು ಜಗಳ ಮಾಡಿದೆ ಅಕ್ಕ. ಆಸ್ಪತ್ರೆಗೆ ಹೋಗಿ ಅಂತ ಕಾಲು ಹಿಡಿಯೋದೊಂದು ಬಾಕಿ. ನಿಮಗೆ ಬಂದು ಹೇಳಿದ್ರೆ ಇನ್ನು ಮುಖ ನೋಡಲ್ಲ ಅಂದ್ರು. ಹೆದರಿಕೊಂಡು ಸುಮ್ಮನಾದೆ."

ಆ ಬೇಸಿಗೆಯಲ್ಲೇ ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ಇಸ್ತ್ರಿಯಮ್ಮನಿಗೆ. ಯಾರ ಕಪಾಳಕ್ಕೆ ಎಂದು ಗೊತ್ತಾಗಲಿಲ್ಲ. ಅವಳ ಕೈಗೆ ಸಿಗ್ತೀನಿ ಅಂದನಂತೆ. ಪೊಲೀಸರ ಕೈಗೆ ಸಿಗುವವನ ಹಾಗೆ.

"ಅವರು ಮಲಗಿದ ಮೇಲೆ ಒಂದು ಸಲವೂ ಬಂದು ನೋಡಲಿಲ್ಲ ನೀನು" ಎಂದಳು. ಬಂದಿದ್ದರೆ ಬಾಗಿಲು ತೆಗೆಯುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು.

"ಬಂದಿದ್ದೆ. ಕಿಟಕಿ ಹತ್ತಿರ ಬ್ರೆಡ್ಡು ಇಟ್ಟು ಹೋಗ್ತಿದ್ದೆ."

"ಅದನ್ನ ನಾಯಿಗೆ ಹಾಕ್ತಿದ್ದೆ."

"ಗೊತ್ತು ಅಕ್ಕ. ಆ ನಾಯಿ ಈಗಲೂ ದಿನಾ ನನ್ನ ಅಂಗಡಿ ಮುಂದೆ ಬಂದು ಕೂರುತ್ತೆ."

ನಗು ಬಂದುಬಿಡುತ್ತಿತ್ತು. ಇಸ್ತ್ರಿಯಮ್ಮ ಹಲ್ಲು ಕಚ್ಚಿ ತಡೆದಳು. ಇವಳ ಮುಂದೆ ನಕ್ಕರೆ ಸೋತ ಹಾಗೆ.

ಬೇಕರಿಯವಳು ನಗಲಿಲ್ಲ. "ಒಂದು ದಿನ ಕಿಟಕೀಲಿ ಇಣುಕಿದೆ. ತಪ್ಪು ತಿಳೀಬೇಡಿ. ನೀವು ಕಾಲು ಒತ್ತುತ್ತಾ ಇದ್ರಿ. ಅಣ್ಣನ ಎರಡೂ ಪಾದ ನಿಮ್ಮ ಮಡಿಲಲ್ಲಿತ್ತು. ಅವತ್ತಿಂದ ಕಿಟಕಿ ಕಡೆ ಬರೋಕೆ ಆಗಲಿಲ್ಲ." ಅವಳು ಕಾಲಿನಲ್ಲಿ ಒಂದು ಕಲ್ಲನ್ನು ತಳ್ಳಿದಳು. "ಇಷ್ಟು ವರ್ಷ ಆ ಪಾದದ ಸದ್ದು ಕೇಳಿದ್ದೆ ಅಷ್ಟೇ. ಅದು ಹೇಗಿದೆ ಅಂತ ನೋಡೇ ಇರಲಿಲ್ಲ. ನೀವು ಸುಮ್ಮನೆ ಹಿಡ್ಕೊಂಡು ಕೂತಿದ್ರಿ, ಅದೇನು ಮಹಾ ಅನ್ನೋ ಹಾಗೆ. ನನಗೆ ಹೊಟ್ಟೆ ಉರಿದುಹೋಯ್ತು."

ಇಸ್ತ್ರಿಯಮ್ಮ ತಲೆಯೆತ್ತಿ ನೋಡಿದಳು. ತನ್ನ ಹೊಟ್ಟೆಯಲ್ಲಿ ಇಷ್ಟು ಕಾಲ ಕುದಿದದ್ದು ಇನ್ನೊಬ್ಬಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂದಿತ್ತು. ಒಳ್ಳೆಯವಳಾಗಿದ್ದರೆ ಮರುಗುತ್ತಿದ್ದಳೇನೋ. ಇಸ್ತ್ರಿಯಮ್ಮನಿಗೆ ಹಿತವಾಯಿತು. ಉರಿಯಲಿ, ಚೆನ್ನಾಗಿ ಉರಿಯಲಿ ಎಂದು ಒಂದು ಗಳಿಗೆ ಆ ಹಿತದಲ್ಲಿ ಕಾಲು ಚಾಚಿ ಕೂತಳು. ಆ ಪಾದಗಳ ಒಡಕು, ಕಪ್ಪಾದ ಹೆಬ್ಬೆರಳ ಉಗುರು, ಕೊನೆಕೊನೆಗೆ ಅವುಗಳಿಗೆ ಬಂದ ತಣ್ಣಗಿನ ಊತ, ಎಲ್ಲ ತನಗೊಬ್ಬಳಿಗೇ ಗೊತ್ತು. ಅದರಲ್ಲಿ ಒಂದು ಚೂರೂ ಇವಳಿಗಿಲ್ಲ.

ಆಮೇಲೆ ಆ ಹಿತವೂ ಕರಗಿತು. ಸದ್ದು ಅಂದಳಲ್ಲ ಇವಳು. ಯಾವ ಸದ್ದು?

"ಹೇಗಿತ್ತು ಅದು?" ಎಂದು ಕೇಳಿದಳು. ದನಿ ಅವಳಿಗೇ ಗುರುತು ಹತ್ತಲಿಲ್ಲ. "ನಾನು ಏಳೋದರಲ್ಲಿ ಹೋಗಿರ್ತಿದ್ರು. ಬರೋವಾಗ ಬೀದಿ ತುದಿಯಿಂದ ನಡ್ಕೊಂಡು ಬರೋರು. ಅವರು ಓಡಿದ್ದನ್ನ ನಾನು ನೋಡೇ ಇಲ್ಲ."

ಬೇಕರಿಯವಳು ಕೈಯಿಂದ ತೊಡೆಯ ಮೇಲೆ ತಟ್ಟಿ ತೋರಿಸಲು ಹೋಗಿ ಸರಿಬಾರದೆ ಬಿಟ್ಟಳು. ಅಣ್ಣ ಬಲಗಾಲನ್ನು ಭಾರವಾಗಿ ಊರುತ್ತಿದ್ದರು, ಎಡಗಾಲು ನೆಲ ಮುಟ್ಟಿಯೂ ಮುಟ್ಟದಂತೆ ಸವರಿಕೊಂಡು ಬರುತ್ತಿತ್ತು, ಬಾಯಲ್ಲಿ ಹೇಳಿದರೆ ತಿಳಿಯಲ್ಲ ಅಂದಳು. ಪಕ್ಕದಲ್ಲಿ ಓಡಿ ಓಡಿ ತನ್ನ ಕಾಲಿಗೂ ಅದೇ ಚಾಳಿ ಬಂದಿದೆ, ಕಣ್ಣು ಮುಚ್ಚಿಕೊಂಡರೆ ಯಾರ ಹೆಜ್ಜೆ ಅಂತ ಹೇಳೋಕಾಗಲ್ಲ ಅಂತ ಮೇಷ್ಟ್ರು ರೇಗಿಸ್ತಾರೆ ಎಂದು ಅಪರಾಧಿಯ ಹಾಗೆ ಸೇರಿಸಿದಳು.

ಇದೊಂದನ್ನೂ ತಗೊಂಡುಬಿಟ್ಟೆಯಾ ಎಂದು ಇಸ್ತ್ರಿಯಮ್ಮನ ನಾಲಿಗೆ ತುದಿಗೆ ಬಂದಿತ್ತು. ಅವಳು ಕಲ್ಲಿನಿಂದ ಎದ್ದು ಸೀರೆ ಕೊಡವಿಕೊಂಡಳು. ದಂಡೆಯ ಉದ್ದಕ್ಕೂ ನೋಡಿದಳು. ದೂರದಲ್ಲಿ ಒಂದು ತೂಬಿತ್ತು.

"ಆ ತೂಬಿನ ತನಕ ಹೋಗು" ಎಂದಳು. "ಅಲ್ಲಿಂದ ಓಡಿ ಬಾ."

ಬೇಕರಿಯವಳು ಅವಳ ಮುಖವನ್ನು ಒಮ್ಮೆ ನೋಡಿ ತೂಬಿನ ಕಡೆ ನಡೆದುಹೋದಳು.

ಇಸ್ತ್ರಿಯಮ್ಮ ಕಾಲುವೆಯ ಕಡೆಗೆ ತಿರುಗಿ, ದಾರಿಗೆ ಬೆನ್ನು ಹಾಕಿ ನಿಂತಳು. ನೀರಿನಲ್ಲಿ ಒಂದು ಎಲೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಬಹಳ ದೂರದಲ್ಲಿ ಮಣ್ಣಿನ ಮೇಲೆ ಒಂದು ಭಾರವಾದ ಹೆಜ್ಜೆ ಬಿತ್ತು, ಅದರ ಹಿಂದೆಯೇ ಸವರಿದಂತೆ ಇನ್ನೊಂದು. ಅವಳು ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಸದ್ದು ಹತ್ತಿರ ಬರುತ್ತಿತ್ತು.