ನೆಲಕ್ಕಂಟಿದ ಕಿಟಕಿ

"ಇನ್ನೊಂದು ಚೂರು ಈ ಕಡೆ ಎಳೀರಿ, ಬಾಗಿಲಿಗೆ ಅಡ್ಡ ಆಗುತ್ತೆ," ಎಂದ ಕಾರ್ಖಾನೆಯ ಕ್ರೇನಿನವನು. ಬೀರು ಕಿರುಗುಟ್ಟುತ್ತ ಅಡುಗೆಮನೆಯ ಕಡೆ ಸರಿಯಿತು. ನಡುಮನೆಯಲ್ಲಿ ಈಗ ಒಬ್ಬರು ಕೈಕಾಲು ಚಾಚಿ ಮಲಗುವಷ್ಟು ಜಾಗವಾಯಿತು. ಅಚ್ಚಕ್ಕನ ಮಗಳು ಚಾಪೆ ಹಾಸಿ, ಒಗೆದಿಟ್ಟ ಬಿಳಿ ದುಪ್ಪಟಿ ಹರಡಿದಳು. ನಾಲ್ಕು ಜನ ಸೇರಿ ಅಚ್ಚಕ್ಕನ ದೇಹವನ್ನು ಒಳಕೋಣೆಯಿಂದ ತಂದು ಅದರ ಮೇಲೆ ಮಲಗಿಸಿದರು.

ಅವಳ ನಿಜವಾದ ಹೆಸರು ಬೀದಿಯ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಗೋಡೆ ಕಾರ್ಖಾನೆಯಲ್ಲಿ ಅಚ್ಚುಗಳಿಗೆ ಎಣ್ಣೆ ಸವರುವ ಕೆಲಸಕ್ಕೆ ಸೇರಿದಂದಿನಿಂದ ಅವಳು ಎಲ್ಲರಿಗೂ ಅಚ್ಚಕ್ಕ. ಅಲ್ಲಿ ಜನರ ಮನೆಗಳು ತುಂಡುತುಂಡಾಗಿ ಹುಟ್ಟುತ್ತಿದ್ದವು. ನೆಲದ ಮೇಲಿನ ಕಬ್ಬಿಣದ ಅಚ್ಚಿನಲ್ಲಿ ಸರಳು ಹೆಣೆದು, ಕಿಟಕಿಯ ಚೌಕಟ್ಟು ಇಟ್ಟು, ಕಾಂಕ್ರೀಟು ಸುರಿದರೆ ಒಂದು ಗೋಡೆ. ಗಟ್ಟಿಯಾದ ಮೇಲೆ ಅದು ಲಾರಿಯೇರಿ ಹೋಗಿ ಯಾರದೋ ಸೈಟಿನಲ್ಲಿ ಎದ್ದು ನಿಲ್ಲುತ್ತಿತ್ತು. ಮಗಳ ಬಾಲ್ಯವೆಲ್ಲ ಕಳೆದದ್ದು ಆ ಅಂಗಳದಲ್ಲೇ. ಶಾಲೆ ಬಿಟ್ಟೊಡನೆ ಓಡಿಬಂದು, ಸಾಲಾಗಿ ನಿಂತ ಗೋಡೆಗಳ ನಡುವೆ ಆಡುತ್ತಿದ್ದಳು. ಒಂದು ಬಾಗಿಲಿನಿಂದ ಹೊಕ್ಕರೆ ಮತ್ತೆ ಬಯಲೇ. ತುತ್ತು ಕೊಡುವ ಅಮ್ಮನ ಸೆರಗಿನಲ್ಲಿ ಸದಾ ಅಚ್ಚಿನ ಎಣ್ಣೆಯ ವಾಸನೆ. ಈಗಲೂ ಯಾವುದಾದರೂ ಗ್ಯಾರೇಜಿನ ಮುಂದೆ ಹಾದರೆ ಅವಳಿಗೆ ಹಸಿವಾಗುತ್ತಿತ್ತು.

"ನಿಮ್ಮ ಮಾವ ಬಂದ್ರು," ಎಂದು ಯಾರೋ ಮೆಲ್ಲಗೆ ಹೇಳಿದರು.

ಮಗಳು ಹೊರಗೆ ಇಣುಕಿದಳು. ಅಚ್ಚಕ್ಕನ ಅಣ್ಣ, ಗಾರೆ ಮೇಸ್ತ್ರಿ, ಗೇಟು ದಾಟಿ ಬಂದವನು ಬಾಗಿಲಿನ ಕಡೆ ತಿರುಗದೆ ಮನೆಯ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಿದ್ದ. ಈ ಮನೆ ಎದ್ದಂದಿನಿಂದ ಅವನು ಕೂರುವ ಜಾಗ ಅದು. ಮನೆಯೊಳಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

*

ಗಂಡ ತೀರಿಕೊಂಡು ಅಚ್ಚಕ್ಕ ಪುಟ್ಟ ಮಗಳೊಂದಿಗೆ ಬಾಡಿಗೆ ಕೋಣೆ ಸೇರಿದಾಗ ಅಣ್ಣ ಮಾತು ಕೊಟ್ಟಿದ್ದ. ಗಂಡ ಬಿಟ್ಟುಹೋದ ಸೈಟಿನಲ್ಲಿ ತಾನೇ ನಿಂತು, ತನ್ನ ಕೈಯಾರೆ ಇಟ್ಟಿಗೆ ಕಟ್ಟಿ ಮನೆ ಮಾಡಿಕೊಡುತ್ತೇನೆ ಎಂದಿದ್ದ. ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಊರಿನ ದೊಡ್ಡ ಮನೆಗಳೆಲ್ಲ ಅವನ ಕೈಗೇ ಕಾಯುತ್ತಿದ್ದವು. ಈ ಕೆಲಸ ಮುಗಿಯಲಿ, ಮಳೆ ನಿಲ್ಲಲಿ, ಬರುವ ವರ್ಷ ಆಗಲಿ ಎನ್ನುತ್ತಲೇ ತಂಗಿಯ ಸೈಟಿನಲ್ಲಿ ಗಿಡಗಂಟಿ ಆಳೆತ್ತರ ಬೆಳೆದವು.

ಆ ಹೊತ್ತಿಗೆ ಕಾರ್ಖಾನೆಯಲ್ಲಿ ಒಂದು ಎಡವಟ್ಟಾಯಿತು. ಯಾರದೋ ಬಚ್ಚಲುಮನೆಯ ಗೋಡೆಯಲ್ಲಿ, ಕ್ರೇನಿಗೆ ಸಿಕ್ಕಿಸಿ ಎತ್ತುವ ಕೊಕ್ಕೆಗಳನ್ನು ಮೇಲಿನ ಅಂಚಿನ ಬದಲು ಕೆಳಗಿನ ಅಂಚಿಗೆ ಕೂರಿಸಿ ಕಾಂಕ್ರೀಟು ಸುರಿದುಬಿಟ್ಟಿದ್ದರು. ಎತ್ತಿ ನಿಲ್ಲಿಸಿದಾಗ ಗೋಡೆ ತಲೆಕೆಳಗಾಗಿ, ಸೂರಿನ ಹತ್ತಿರ ಇರಬೇಕಿದ್ದ ಕಿಟಕಿ ನೆಲಕ್ಕಂಟಿಕೊಂಡಿತ್ತು. ತಪ್ಪು ಯಾರದೆಂದು ಯಾರೂ ಒಪ್ಪಲಿಲ್ಲ. ಮನೆಯವರು ಆ ಗೋಡೆ ಬೇಡವೆಂದರು. ಅಂಗಳದ ಮೂಲೆಯಲ್ಲಿ ಅಂಥ ಬೇಡವಾದ ಗೋಡೆಗಳು ಇನ್ನೂ ಕೆಲವಿದ್ದವು. ಒಂದರ ಮೂಲೆ ಮುರಿದಿತ್ತು, ಇನ್ನೊಂದರ ಬಾಗಿಲು ತೀರಾ ಪಕ್ಕಕ್ಕೆ ಸರಿದಿತ್ತು. ಒಂದು ದಿನ ಅಚ್ಚಕ್ಕ ಮಾಲೀಕನ ಮುಂದೆ ನಿಂತು ಅವನ್ನೆಲ್ಲ ತನಗೆ ಕೊಡುತ್ತೀರಾ ಎಂದು ಕೇಳಿದಳು. ಅವನು ಅವಳ ಮುಖ ನೋಡಿ, ಅಂಗಳ ಖಾಲಿಯಾದರೆ ಸಾಕು, ತಗೊಂಡು ಹೋಗು ಎಂದ.

ರಜೆಯ ದಿನ ಕ್ರೇನಿನವನು ತಾನಾಗಿ ಬಂದ. ಬೀದಿಯವರು ಕುರ್ಚಿ ಹಾಕಿಕೊಂಡು ಕೂತರು. ಗೋಡೆಯೊಂದು ಆಕಾಶದಲ್ಲಿ ತೇಲುತ್ತ ಬಂದು, ಗಿಡಗಂಟಿ ಕಡಿಸಿ ಹಾಕಿಸಿದ ಅಡಿಪಾಯದ ಮೇಲೆ ಇಳಿದಾಗ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಇಳಿಸಿದನಲ್ಲ ಎಂದು ಹೆಂಗಸರು ಹೇಳಿಕೊಂಡರು. ಸಂಜೆಯೊಳಗೆ ಸೂರೂ ಕೂತಿತು. ಆ ಹೊತ್ತಿಗೆ ಕೆಲಸ ಮುಗಿಸಿ, ಕರಣೆಯ ಚೀಲ ಹೆಗಲಿಗೇರಿಸಿಕೊಂಡು ಅಣ್ಣ ಬಂದ. ರಸ್ತೆಯಲ್ಲೇ ನಿಂತ.

"ನಾನೇನು ಸತ್ತುಹೋಗಿದ್ನಾ?" ಎಂದ.

"ನೀನು ಬರೋ ಹೊತ್ತಿಗೆ ನನ್ನ ಮಗಳಿಗೆ ಮದುವೆ ಆಗಿರುತ್ತೆ, ಅಣ್ಣ," ಎಂದಳು ಅಚ್ಚಕ್ಕ.

"ಇದು ಡಬ್ಬ ಕಣೇ. ಇದರೊಳಗೆ ನಾನು ಕಾಲಿಡಲ್ಲ."

ಒಂದು ತಿಂಗಳು ಅವನು ಆ ಕಡೆ ಸುಳಿಯಲಿಲ್ಲ. ಆಮೇಲೊಂದು ಮಧ್ಯಾಹ್ನ ಬಂದು ಪಕ್ಕದ ಕಲ್ಲಿನ ಮೇಲೆ ಕೂತು ಕೆಮ್ಮಿದ. ಒಳಗೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಅಚ್ಚಕ್ಕನಿಗೆ ಆ ತಗ್ಗಿನ ಕಿಟಕಿಯಲ್ಲಿ ಅಣ್ಣನ ಮುಖ ನೇರವಾಗಿ ಕಂಡಿತು.

"ನಿನ್ನ ಗೋಡೆ ಬಿತ್ತಾ?" ಎಂದು ಕೇಳಿದ.

"ಇನ್ನೂ ಇಲ್ಲ. ಟೀ ಕುಡಿ," ಎಂದು ಲೋಟವನ್ನು ಕಿಟಕಿಯಿಂದ ದಾಟಿಸಿದಳು.

ಅಲ್ಲಿಂದ ಪ್ರತಿ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಮಗಳ ಓದು, ಅತ್ತಿಗೆಯ ಕಾಯಿಲೆ, ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ ಎಲ್ಲ ಆ ಕಿಟಕಿಯಲ್ಲೇ ಓಡಾಡಿದವು. ಊರಿನಲ್ಲಿ ಜನ ಒಬ್ಬೊಬ್ಬರಾಗಿ ಕಾರ್ಖಾನೆಯ ಗೋಡೆಗಳಿಗೆ ಮನಸೋತರು. ವಾರದಲ್ಲಿ ಮನೆ ಏಳುವಾಗ ಮೇಸ್ತ್ರಿಗಾಗಿ ವರ್ಷ ಕಾಯುವವರಾರು? ಅವನಿಗೆ ಕಾಂಪೌಂಡು, ಮೆಟ್ಟಿಲು, ಒಡೆದ ಗಾರೆಯ ತೇಪೆಯಷ್ಟೇ ಉಳಿಯಿತು. ಅದನ್ನೂ ಅವನು ಆ ಕಲ್ಲಿನ ಮೇಲೆ ಕೂತೇ ಹೇಳಿಕೊಂಡ. ಅಚ್ಚಕ್ಕ ಅವತ್ತು ಟೀಗೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದಳು.

*

ಅಭ್ಯಾಸಬಲದಿಂದ ಮೇಸ್ತ್ರಿ ಕಿಟಕಿಯತ್ತ ತಿರುಗಿದ. ಸರಳುಗಳಾಚೆ, ಚಾಪೆಯ ಮೇಲೆ, ಅವನ ಕಣ್ಣಿನ ಮಟ್ಟಕ್ಕೇ ತಂಗಿಯ ಮುಖವಿತ್ತು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರು.

ಹೊತ್ತಾಗುತ್ತ ಬಂದಿತ್ತು. ದೇಹ ಎತ್ತುವಾಗ ತಲೆಯ ಕಡೆ ಯಾರು ಹಿಡಿಯಬೇಕು ಎಂಬ ಮಾತೆದ್ದಾಗ ಎಲ್ಲರೂ ಕಿಟಕಿಯ ಕಡೆ ನೋಡಿದರು. ಅಣ್ಣನಿರುವಾಗ ಬೇರೆಯವರು ಹೇಗೆ ಹಿಡಿಯುವುದು, ಅವನನ್ನು ಕರೆಯುವವರಾದರೂ ಯಾರು? ಕ್ರೇನಿನವನು ಹೋಗಲಾರೆನೆಂದ. ಗೋಡೆ ತಂದು ನಿಲ್ಲಿಸಿದವನು ತಾನು, ತನ್ನ ಮುಖ ಕಂಡರೆ ಅವರಿಗೆ ಈಗಲೂ ಆಗದು ಎಂದ. ಕೊನೆಗೆ ಮಗಳೇ ಹೋಗಿ ಅಮ್ಮನ ತಲೆಯ ಬಳಿ, ಅಮ್ಮ ದಿನವೂ ಕೂರುತ್ತಿದ್ದಲ್ಲೇ ಕೂತಳು.

"ಮಾವ, ತಲೆ ಕಡೆ ನೀವೇ ಹಿಡೀಬೇಕು," ಎಂದಳು ಕಿಟಕಿಯಲ್ಲಿ.

ಮುದುಕ ನೆಲ ನೋಡುತ್ತ ಕೂತ. "ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಸಲ, ಒಳಗೆ ಬಾ ಅಣ್ಣ ಅಂತ ಕರೀಲಿಲ್ಲ ಅವಳು. ಕರೆದಿದ್ರೆ ಬರ್ತಿದ್ದೆ."

"ಅದು ಅವಳಿಗೂ ಗೊತ್ತಿತ್ತು."

"ಮತ್ಯಾಕೆ ಕರೀಲಿಲ್ಲ?"

"ನಾನೂ ಕೇಳಿದ್ದೆ. ಒಳಗೆ ಬಂದ್ರೆ ಕುರ್ಚಿ ಮೇಲೆ ಕೂತು, ಗೋಡೆಯಲ್ಲಿ ತಪ್ಪು ಹುಡುಕ್ತಾ ಇರ್ತಾನೆ. ಅಲ್ಲಿ ಕೂತ್ರೆ ನನ್ನ ಮುಖ ನೋಡ್ತಾನೆ, ಅಂದ್ಲು."

ಮೇಸ್ತ್ರಿಯ ಭುಜ ಒಮ್ಮೆ ಅಲುಗಿತು. ನಕ್ಕನೋ ಅತ್ತನೋ ಒಳಗಿದ್ದವರಿಗೆ ತಿಳಿಯಲಿಲ್ಲ. ಗೋಡೆಗೆ ಕೈಯೂರಿ ಎದ್ದ. ಬಾಗಿಲ ಬಳಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಬಾಗಿಲು ಸಾಕಷ್ಟು ಎತ್ತರವಿದ್ದರೂ ತಗ್ಗಿಸಿಯೇ, ಒಳಗೆ ಬಂದ. ಗೋಡೆಗಳತ್ತ ನೋಡಲೇ ಇಲ್ಲ. ತಂಗಿಯ ತಲೆಯ ಕೆಳಗೆ ಎರಡೂ ಕೈ ಕೊಟ್ಟು, "ಹಗುರ ಆಗಿಬಿಟ್ಟಿದ್ದಾಳೆ," ಎಂದಷ್ಟೇ ಹೇಳಿದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬೀದಿಯವರು ಒಬ್ಬೊಬ್ಬರೇ ಹೊರಟರು. ಕಾರ್ಖಾನೆಯ ಹಳಬರು ಗೇಟಿನ ಬಳಿ ನಿಂತು, ಅಚ್ಚಕ್ಕ ಕಾಂಕ್ರೀಟು ಹಸಿಯಿದ್ದಾಗ ಅದರ ಮೇಲೆ ಓಡಿದ ಬೆಕ್ಕನ್ನು ಬೈದ ಕತೆ ಹೇಳಿ ಮೆಲ್ಲಗೆ ನಕ್ಕರು. ಆ ಬೆಕ್ಕಿನ ಹೆಜ್ಜೆ ಇನ್ನೂ ಯಾರದೋ ಮನೆಯ ಸೂರಿನಲ್ಲಿರಬೇಕು ಎಂದರು.

ಬೀರುವನ್ನು ಮತ್ತೆ ಜಾಗಕ್ಕೆ ಸರಿಸಲು ಮಗಳು ಮತ್ತು ಕ್ರೇನಿನವನು ಒಳಗೆ ಬಂದರು. ನಡುಮನೆಯ ಬರಿ ನೆಲದ ಮೇಲೆ ಮೇಸ್ತ್ರಿ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದ. ಬೆನ್ನು ಗೋಡೆಗೆ ಒತ್ತಿಕೊಂಡಿತ್ತು. ಸುಣ್ಣಕ್ಕೆ ಬಿರಿದ ಬೆರಳುಗಳು ನೆಲದ ಮೇಲೆ ಬಿಚ್ಚಿಕೊಂಡಿದ್ದವು.

ಎಬ್ಬಿಸಬೇಡಿ ಎಂದು ಮಗಳು ಕೈಸನ್ನೆ ಮಾಡಿದಳು. ಒಳಗೆ ಹೋಗಿ ಒಂದು ದಿಂಬು ತಂದಳು. ಕ್ರೇನಿನವನು ಮಂಡಿಯೂರಿ ಕೂತು, ಮುದುಕನ ತಲೆಯನ್ನು ಎರಡೂ ಅಂಗೈಯಲ್ಲಿ ಮೆಲ್ಲಗೆ ಎತ್ತಿದ. ಅವಳು ದಿಂಬು ಸರಿಸಿ ಸರಿಯಾಗಿಟ್ಟು ತಲೆಯಾಡಿಸುವವರೆಗೆ ಅಲುಗದೆ ಹಿಡಿದುಕೊಂಡಿದ್ದು, ಆಮೇಲೆ ಉಸಿರು ಬಿಗಿಹಿಡಿದು ಕೆಳಗಿಳಿಸಿದ.